ಟ್ಯಾಟೂ ಇಲ್ಲ, ಹಚ್ಚೆ ಇದೆ
ಬಸವನಗುಡಿಯಲ್ಲಿ ಮಗಳ ಮನೆಗೆ ಬಂದಿದ್ದ ಮಂಡ್ಯ ಕಡೆಯ ಅಜ್ಜಿ. ನಮ್ಮ ಫಿಸಿಯೋಥೆರಪಿ ಕ್ಲಿನಿಕ್‌ಗೆ ಲೇಸರ್ ಚಿಕಿತ್ಸೆಗೆ ಬಂದರು. ಬಲಗೈ ಟೆನಿಸ್ ಎಲ್ಬೋ, ಅಂದರೆ ಮೊಣಕೈ ಹೊರಬದಿಯ ನೋವು. ಜನ್ಮದಲ್ಲಿ ರ‍್ಯಾಕೆಟ್ ಹಿಡಿದವರಲ್ಲ, ಮುದ್ದೆ ಕೋಲು ತಿರುವಿದವರು.

ಹನ್ನೊಂದರ ಸ್ಲಾಟ್, ಹಿಂದಿನ ಪೇಷೆಂಟ್ ಲೇಟು. ಗಡಿಬಿಡಿಯಲ್ಲೇ ಫಾರಂ ಓದಿದೆ. ಕ್ಯಾನ್ಸರ್? ಇಲ್ಲ. ಟ್ಯಾಟೂ? "ಅಯ್ಯೋ, ನಮ್ಗ್ಯಾಕವ್ವ ಅದೆಲ್ಲ!" 'ಇಲ್ಲ' ಅಂತ ಟಿಕ್ ಹಾಕಿದೆ. ಇಬ್ಬರೂ ಗಾಗಲ್ಸ್ ಹಾಕಿಕೊಂಡೆವು. ಕ್ಲಾಸ್ 4 ಲೇಸರ್, ಅಂದರೆ ಅತಿ ಹೆಚ್ಚು ಶಕ್ತಿಯ ವರ್ಗ; ತರಂಗಾಂತರ 980 ನ್ಯಾನೋಮೀಟರ್, 8 ವ್ಯಾಟ್. ಕಾಣುವ ಕೆಂಪು ಚುಕ್ಕೆ ಬರೀ ಗುರಿ ಇಡೋಕೆ. ಕೆಲಸ ಮಾಡುವ ಬೆಳಕು ಕಣ್ಣಿಗೆ ಕಾಣಲ್ಲ.

ಮೊಣಕೈ ಕೆಳಗೆ ಹಸಿರು ಹಚ್ಚೆ ಇತ್ತು. ತೊಟ್ಟಿಲಿನ ಚಿತ್ರ, ಸುತ್ತ ಚುಕ್ಕಿ. ನೋಡಲಿಲ್ಲ ಅಂತ ಸುಳ್ಳು ಹೇಳಲಾರೆ. ಚೆನ್ನಾಗಿದೆ ಅಂತ ಹೊಗಳಿದ್ದೇ ನಾನು! ಲೇಸರ್‌ನ ಹೆಡ್ ಕೈ ಮೇಲೆ ಆಡಿಸುತ್ತಲೇ ಕೇಳಿದೆ, ಯಾರು ಹಾಕಿದ್ದು ಅಂತ.

"ಕೊರವಂಜಿ. ನಂಗಾಗ ಎಂಟು ವರ್ಸ. ಏನು ಉರಿ ಅಂತೀಯಾ!"

ಒಂದು ಕ್ಷಣ ಬಿಟ್ಟು, "ಈಗ್ಲೂ ಹಂಗೇ ಉರೀತೈತೆ" ಅಂದರು.

ನಾನು ನಕ್ಕೆ. ಹಳೇ ಕತೆಯೇ ಮುಂದುವರಿದಿದೆ ಅಂದುಕೊಂಡು ಇನ್ನೆರಡು ಸುತ್ತು ಆಡಿಸಿದೆ. ಅಷ್ಟರಲ್ಲಿ ಅಜ್ಜಿ ಕೈ ಸರಕ್ಕನೆ ಎಳೆದುಕೊಂಡರು. ಗಾಗಲ್ಸ್ ತೆಗೆದು ನೋಡಿದರೆ ತೊಟ್ಟಿಲಿನ ಗೆರೆಗೆಲ್ಲ ಕೆಂಪಂಚು ಎದ್ದಿದೆ. ಪಕ್ಕದ ಚರ್ಮಕ್ಕೆ ಏನೂ ಆಗಿಲ್ಲ. ಶಾಯಿ ಬೆಳಕು ಹೀರಿ ಬಿಸಿಯಾಗುತ್ತದೆ, ಅದೂ ಹಚ್ಚೆಯ ಕಡುಬಣ್ಣದ ಶಾಯಿ. ಇದು ನನಗೆ ಗೊತ್ತಿತ್ತು. ಹಚ್ಚೆ ಅಂದರೆ ಟ್ಯಾಟೂ ಅನ್ನೋದು ಮಾತ್ರ ಆ ಹದಿನೈದು ನಿಮಿಷ ತಲೆಗೆ ಹೋಗಲೇ ಇಲ್ಲ.

ಕೈಯನ್ನು ನಲ್ಲಿ ನೀರಿಗೆ ಹಿಡಿದೆ. ನನ್ನ ಕೈಯೇ ನಡುಗುತ್ತಿತ್ತು. ಸಂಜೆಗೆ ಒಂದು ಚುಕ್ಕಿಯ ಮೇಲೆ ಸಣ್ಣ ಬೊಬ್ಬೆ.

ಮಿಷಿನ್ ಬಂದಾಗ ಟ್ರೈನಿಂಗ್ ಕೊಟ್ಟವರು ಹಂಗೇರಿಯ ವೈದ್ಯ ಎಂಡ್ರೆ ಮೆಸ್ಟರ್ ಅವರ 1967ರ ಕತೆಯನ್ನೇ ಅರ್ಧ ಗಂಟೆ ಹೇಳಿದ್ದರು. ಬುಡಾಪೆಸ್ಟ್‌ನಲ್ಲಿ ಬೋಳಿಸಿದ ಇಲಿಗೆ ಲೇಸರ್ ಬಿಟ್ಟರೆ ಕೂದಲು ಬೇಗ ಬಂತಂತೆ. ಸಂತೋಷ. ನಮ್ಮ ಕಂದು ಚರ್ಮವೂ ಬೆಳಕು ಜಾಸ್ತಿ ಹೀರುತ್ತದೆ, ವ್ಯಾಟ್ ಇಳಿಸಿ ಅಂತ ಒಂದು ಮಾತು ಹೇಳಿದರು. ಹಚ್ಚೆ ಸುದ್ದಿಯೇ ಇಲ್ಲ. ಪೇಷೆಂಟ್ ಉರಿ ಅಂದರೆ ಯಾವ ಕಾಲದ ಉರಿ ಅಂತ ಯೋಚಿಸುತ್ತಾ ಕೂರಬಾರದು, ಮೊದಲು ಲೇಸರ್ ಹೊರಡಿಸುವ ಕಾಲಿನ ಪೆಡಲ್ ಬಿಡಬೇಕು. ಇದು ನಾನಾಗಿ ಕಲಿತದ್ದು.

ಇನ್ಸಿಡೆಂಟ್ ರಿಪೋರ್ಟ್ ಬರೆದುಕೊಟ್ಟೆ. ಮ್ಯಾನೇಜರ್ ಕೇಳಿದ್ದು ಒಂದೇ: "ಹತ್ತು ಸಿಟ್ಟಿಂಗ್ ಪ್ಯಾಕೇಜ್ ಕ್ಯಾನ್ಸಲ್ ಮಾಡ್ತಾರಾ?" ಫಾರಂನಲ್ಲಿ ಇನ್ನೂ ಟ್ಯಾಟೂ ಅಂತಲೇ ಇದೆ. ಪಕ್ಕದಲ್ಲಿ ನಾನು ಪೆನ್ನಿನಲ್ಲಿ 'ಹಚ್ಚೆ' ಅಂತ ಬರೆದರೆ, ಪ್ರಿಂಟೆಡ್ ಫಾರಂ ಗೀಚಬೇಡಿ ಅಂತಾರೆ. ಗೀಚುತ್ತಲೇ ಇದ್ದೇನೆ.

ಅಜ್ಜಿ ಮುಂದಿನ ವಾರವೂ ಬಂದರು, ಬರೀ ವ್ಯಾಯಾಮಕ್ಕೆ. ಹೊರಡುವಾಗ ರಿಸೆಪ್ಷನ್‌ನಲ್ಲಿ ನಿಂತು ನನ್ನ ಕಡೆ ತಿರುಗಿದರು. "ಇಷ್ಟೇ ಉರಿಗೆ ಕೊರವಂಜಿ ಒಂದ್ ಸೇರು ರಾಗಿ ಇಸ್ಕಂಡಿದ್ಲು. ನಿಮ್ದೆಷ್ಟವ್ವ?"