ಲೂಪ್ ಸರ್ ಮತ್ತು ಗುಲಾಬಿ ಪ್ಲೇಟು

ನಮ್ಮ ಮೈಕ್ರೋಬಯಾಲಜಿ ಸರ್ ತೀರಿಕೊಂಡ್ರು ಅಂತ ಬ್ಯಾಚಿನ ವಾಟ್ಸಾಪ್ ಗ್ರೂಪಿನಾಗ ಬಂದಾಗಿಂದ ಒಬ್ಬೊಬ್ರು ಒಂದೊಂದು ನೆನಸ್ಕೊಳ್ಳಾಕತ್ತೀವಿ, ಸಿಲೆಬಸ್ ಮಾತ್ರ ಯಾರಿಗೂ ನೆನಪಿಲ್ಲ. ಅಂಗಿ ಕಿಸೆಯಾಗ ಪೆನ್ನಿನ ಪಕ್ಕ ಯಾವಾಗಲೂ ಇನಾಕ್ಯುಲೇಶನ್ ಲೂಪ್, ಅಂದ್ರ ಸೂಕ್ಷ್ಮಜೀವಿ ಎತ್ತಿ ಪ್ಲೇಟಿಗೆ ಹಚ್ಚೋ ತಂತಿ ಉಂಗುರದ ಕಡ್ಡಿ, ಇರ್ತಿತ್ತು, ಅದಕ್ಕ ಅವರು ಎಲ್ಲರಿಗೂ ಲೂಪ್ ಸರ್.

ನಮ್ಮದು ಯೀಸ್ಟ್ ಬೆಳೆಸಿ ಗುರುತಿಸೋ ಪ್ರಾಕ್ಟಿಕಲ್, ರಾಯಚೂರಿನ ಏಪ್ರಿಲ್ ಬಿಸಿಲು ಗೊತ್ತಲ್ರಿ. ಯೀಸ್ಟಿಗೆ 25ರಿಂದ 30 ಡಿಗ್ರಿ ಸಾಕು, ನಮ್ಮ ಇನ್‌ಕ್ಯುಬೇಟರಿಗೆ ಬಿಸಿ ಮಾಡೋದು ಬರ್ತಿತ್ತು, ತಣ್ಣಗ ಮಾಡೋದು ಬರ್ತಿರಲಿಲ್ಲ, ರೂಮೇ 40ರ ಹತ್ರ. ಸರ್ ದೊಡ್ಡ ಮಣ್ಣಿನ ಗಡಿಗಿ ತರಿಸಿ, ಸುತ್ತ ಹಸಿ ಗೋಣಿಚೀಲ ಕಟ್ಟಿ, ಥರ್ಮಾಮೀಟರ್ ಇಟ್ಟು, ಯೀಸ್ಟ್ ಬೆಳೆಸೋ ಪೆಟ್ರಿ ಪ್ಲೇಟೆಲ್ಲ ಅದರಾಗ ಇಡಿಸಿದ್ರು. ಈಚಲು ಮರದ ಸೇಂದಿ, ಕೊಪ್ಪಳ ಕಡೆ ದ್ರಾಕ್ಷಿ, ಬಳ್ಳಾರಿ ಅಂಜೂರ, ಇವುಗಳ ಯೀಸ್ಟೆಲ್ಲ ಆ ಗಡಿಗಿಯಾಗೇ ಬೆಳೆದದ್ದು. ದ್ರಾಕ್ಷಿದಾಗ ನಿಂಬೆಹಣ್ಣಿನ ಆಕಾರದ ಹ್ಯಾನ್ಸೆನಿಯಾಸ್ಪೊರಾ ಅನ್ನೋ ಯೀಸ್ಟ್ ಮೊದಲ ಸಲ ಕಂಡಾಗ ಮೈಕ್ರೋಸ್ಕೋಪ್ ಬಿಟ್ಟು ಏಳಾಕ ಮನಸಾಗಲಿಲ್ಲ.

ಒಂದು ಶನಿವಾರ ನಮ್ಮ ಬೆಂಚಿನ ಹುಡುಗರು ಗುಲಾಬಿ ಯೀಸ್ಟಿನ ಕಾಲೊನಿಯೊಂದನ್ನ (ಒಂದೇ ಕಡೆ ಬೆಳೆದ ಗುಂಪು) ತಗೊಂಡು ಹೊಸ ಪ್ಲೇಟಿನ ಮ್ಯಾಲೆ 'ಲೂಪ್' ಅಂತ ಬರೆದು ಗಡಿಗಿಯಾಗ ಇಟ್ರು. ಬರೆದಾಗ ಏನೂ ಕಾಣಂಗಿಲ್ಲ, ಮಂಗಳವಾರ ನೋಡಿದ್ರ ಗುಲಾಬಿ ಅಕ್ಷರ ಎದ್ದು ನಿಂತಾವು! ಸರ್ ಪ್ಲೇಟು ಬೆಳಕಿಗೆ ಹಿಡಿದು, "ಅಕ್ಷರ ಚಂದ ಅದಾವು, ಯಾವ ಯೀಸ್ಟಿಲೆ ಬರ್ದೀರಿ?" ಅಂದ್ರು. "ರೋಡೊಟೊರುಲಾ ಸರ್, ಪಿಂಕ್ ಅದಲ್ರಿ" ಅಂದ ಒಬ್ಬ. "ಬಣ್ಣ ನೋಡಿ ಹೆಸರಿಡಾಕ ಅದೇನು ಹೋರಿ ಏನಪಾ? ಪ್ರೂವ್ ಮಾಡ್ರಿ."

ಶುರುವಾತು ನೋಡ್ರಿ. ಗುಲಾಬಿ ಬಣ್ಣದ್ದೇ ಇನ್ನೊಂದು ಯೀಸ್ಟ್ ಸ್ಪೊರೊಬೊಲೊಮೈಸಿಸ್ ಆಗಿದ್ರ ಸ್ಪೋರ್ (ಬೀಜದಂಥ ಕಣ) ಹಾರಿಸ್ತದ, ಪ್ಲೇಟು ಬೋರಲಿಟ್ರ ಮುಚ್ಚಳದ ಮ್ಯಾಲೆ ಅದೇ ಅಕ್ಷರ ಕನ್ನಡಿಯಾಗ ಕಂಡಂಗ ಮೂಡ್ತಿತ್ತು, ನಮ್ಮ ಮುಚ್ಚಳ ಸ್ವಚ್ಛ ಇತ್ತು. ಆಮ್ಯಾಲೆ ಸಕ್ಕರೆ ಹುದುಗಿಸ್ತದೋ ಇಲ್ಲೋ ಅನ್ನೋ ಟೆಸ್ಟ್, ರೋಡೊಟೊರುಲಾ ಹುದುಗಿಸಂಗಿಲ್ಲ: ಗ್ಲೂಕೋಸ್, ಗ್ಯಾಲಕ್ಟೋಸ್, ಸುಕ್ರೋಸ್, ಮಾಲ್ಟೋಸ್, ಲ್ಯಾಕ್ಟೋಸ್, ರ‍್ಯಾಫಿನೋಸ್, ಒಂದರ ಡರ್ಹಮ್ ಟ್ಯೂಬಿನಾಗೂ (ಹುದುಗಿದಾಗ ಬರೋ ಗ್ಯಾಸ್ ಹಿಡಿಯೋ ಸಣ್ಣ ನಳಿಗಿ) ಗುಳ್ಳೆ ಇಲ್ಲ, ಪಕ್ಕದ ಬೆಂಚಿನ ಸೇಂದಿ ಯೀಸ್ಟ್ ಮಾತ್ರ ಗ್ಲೂಕೋಸಿನಾಗ ಟ್ಯೂಬ್ ತುಂಬ ಗ್ಯಾಸ್ ಬಿಟ್ಟಿತ್ತು. ಯೂರಿಯಾ ಸ್ಲ್ಯಾಂಟ್ (ಟ್ಯೂಬಿನಾಗ ಓರೆಯಾಗಿ ಗಟ್ಟಿ ಮಾಡಿದ ಮೀಡಿಯಾ) ಹಳದಿ ಇದ್ದದ್ದು ಗುಲಾಬಿ ಆತು, ಅಂದ್ರ ಯೂರಿಯಾ ಒಡೆಯೋ ಕಿಣ್ವ ಯೂರಿಯೇಸ್ ಪಾಸಿಟಿವ್, ರೋಡೊಟೊರುಲಾಕ್ಕ ಅದೂ ತಾಳೆ ಆತು. ನೈಟ್ರೇಟ್ ಅಷ್ಟೇ ಕೊಟ್ಟ ಮೀಡಿಯಾದಾಗ ಬೆಳೀಲಿಲ್ಲ, ಹಂಗಾಗಿ ರೋಡೊಟೊರುಲಾದ ಜಾತಿಗಳಾಗ ನೈಟ್ರೇಟ್ ಬಳಸೋ ಗ್ಲುಟಿನಿಸ್ ಅಲ್ಲ, ಮ್ಯುಸಿಲಜಿನೋಸಾ ಇರಬೇಕು ಅಂತ ನಾನು ಹೇಳಿದೆ. ಸರ್ ನನ್ನ ರೆಕಾರ್ಡಿನ ಮ್ಯಾಲೆ ಕೆಂಪು ಇಂಕಿನಾಗ 'ಶಭಾಷ್' ಬರೆದ್ರು, ಆ ರೆಕಾರ್ಡು ಇನ್ನೂ ನನ್ನ ಹತ್ರ ಅದ.

ಈಗ ನಾನು ಬೇಕರಿ ಯೀಸ್ಟಿನ ಕ್ವಾಲಿಟಿ ಲ್ಯಾಬ್ ನೋಡ್ಕೊಳ್ತೀನಿ. ಲೈಸಿನ್ ಅನ್ನೋ ಅಮೈನೋ ಆಮ್ಲ ಒಂದೇ ನೈಟ್ರೋಜನ್ ಮೂಲ ಇರೋ ಅಗಾರಿನ (ಪ್ಲೇಟಿನಾಗಿನ ಗಟ್ಟಿ ಮೀಡಿಯಾ) ಮ್ಯಾಲೆ ನಮ್ಮ ಯೀಸ್ಟ್ ಬೆಳಿಯಂಗಿಲ್ಲ, ಏನಾದ್ರೂ ಬೆಳೀತಂದ್ರ ಅದು ಹೊರಗಿಂದ ಬಂದ ಕಾಡು ಯೀಸ್ಟು, ಸ್ಲೈಡ್ ನೋಡಿ ಅದು ಯಾವ ಗುಂಪಿಂದು ಅಂತ ನಾನು ಹೇಳಿದ್ದು ಬಹಳ ಸಲ ಡಿಎನ್‌ಎ ರಿಪೋರ್ಟಿಗೆ ತಾಳೆ ಆಗ್ಯದ. ಡಿಎನ್‌ಎ ಸೀಕ್ವೆನ್ಸಿಂಗ್ ಹೆಚ್ಚು ಖಚಿತ, ಎರಡು ಮಾತಿಲ್ಲ, ಯಾಕಂದ್ರ ಒಂದೇ ಜಾತಿಯ ಎರಡು ಸ್ಟ್ರೇನು (ತಳಿ) ಸಕ್ಕರೆ ಟೆಸ್ಟಿನಾಗ ಬ್ಯಾರೆ ಬ್ಯಾರೆ ಉತ್ತರ ಕೊಡ್ತಾವು. ಆದ್ರ ಇಂಟರ್‌ವ್ಯೂಗೆ ಬರೋ ಹುಡುಗರು ಡರ್ಹಮ್ ಟ್ಯೂಬ್ ಬೋರಲು ಹಾಕಬೇಕು ಅನ್ನೋದನ್ನೂ ಹೇಳಂಗಿಲ್ಲ, ಸೀಕ್ವೆನ್ಸಿಂಗಿನಿಂದ ಯೀಸ್ಟಿನ ಹೆಸರು ಮೇಲ್‌ನಾಗ ಬಂದ್ರ ಸಾಕು ಅವರಿಗೆ, ಹೊಟ್ಟಿ ಉರೀತದ.

ನಮ್ಮ ಕಾಲೇಜಿನಾಗ ಈ ಪ್ರಾಕ್ಟಿಕಲ್ ಬಿಡಬ್ಯಾಡ್ರಿ. ಟ್ಯೂಬು, ಸಕ್ಕರೆ ನಾನು ಕಳಿಸ್ತೀನಿ, ಬ್ಯಾಚ್ ಯಾವಾಗ ಅಂತ ತಿಳಿಸಿದ್ರ ಬಂದು ಮಾಡಿಸಾಕೂ ತಯಾರಿದ್ದೀನಿ, ಗಡಿಗಿ ಮಾತ್ರ ಊರಾಗೇ ತಗೋರಿ.