ಕೊರಿಯಾದ ಬಿಲ್ಲು ಕೊಳ್ಳುವ ಮುನ್ನ: ಸುವೊನ್, ಸಿಯೋಲ್ ಓಡಾಟದಿಂದ ಒಂದಿಷ್ಟು ಮಾತು

ಕೊರಿಯಾದಲ್ಲಿ ಬಿಲ್ಲುಗಾರರು ಪಾಲಿಸುವ ಒಂಬತ್ತು ನಿಯಮಗಳಿವೆ. ಅದರಲ್ಲೊಂದು, ಇನ್ನೊಬ್ಬರ ಬಿಲ್ಲನ್ನು ಎಳೆಯಬಾರದು ಎಂಬುದು. ಬಿಲ್ಲು ಕೊಳ್ಳಲೆಂದೇ ಅಲ್ಲಿಗೆ ಹೋಗುವವರು ಇದನ್ನು ಮೊದಲೇ ತಿಳಿದಿರಬೇಕು. ಮೈದಾನದಲ್ಲಿ ಯಾರದೋ ಕೈಯಲ್ಲಿ ಚೆಂದದ ಬಿಲ್ಲು ಕಂಡರೆ "ಒಂದ್ಸಲ ಕೊಡಿ ಸಾರ್, ನೋಡ್ತೀನಿ" ಎನ್ನುವ ನಮ್ಮ ಸಲಿಗೆ ಅಲ್ಲಿ ನಡೆಯುವುದಿಲ್ಲ. ಬಾಣ ಬಿಡುವಾಗ ಮಾತಾಡಬಾರದು ಎಂಬ ನಿಯಮವೂ ಇದೆ. ಅದು ನನ್ನ ಗೆಳೆಯನಿಗೆ ಹೆಚ್ಚು ಕಷ್ಟವಾಯಿತು.

ಅವನಿರುವುದು ಸುವೊನ್‌ನಲ್ಲಿ. ಸ್ಯಾಮ್‌ಸಂಗ್ ಎಲೆಕ್ಟ್ರಾನಿಕ್ಸ್‌ನ ಮುಖ್ಯ ಕಚೇರಿ ಇರುವ ಊರಾದ್ದರಿಂದ ಅಲ್ಲಿ ನಮ್ಮ ಕಡೆಯ ಇಂಜಿನಿಯರುಗಳಿಗೆ ಬರವಿಲ್ಲ. ನಿಮಗೂ ಪರಿಚಯದವರಿದ್ದರೆ ಅಲ್ಲೇ ಉಳಿದುಕೊಳ್ಳಿ. ಸಿಯೋಲ್‌ಗೆ ಒಂದನೇ ಲೈನಿನ ರೈಲಿನಲ್ಲಿ ಸುಮಾರು ಒಂದು ಗಂಟೆ ಅಷ್ಟೇ. ಶರತ್ಕಾಲ, ಅಂದರೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಆರಂಭದವರೆಗೆ, ಒಳ್ಳೆಯ ಕಾಲ. ಜುಲೈ ಮಳೆಯಲ್ಲಂತೂ ಹೋಗಬೇಡಿ. ಕಾರಣ ಮುಂದೆ ಹೇಳುತ್ತೇನೆ.

ಮೊದಲ ಮೆಟ್ಟಿಲು ಸುವೊನ್‌ನ ಹ್ವಾಸಂಗ್ ಕೋಟೆ. ಜಂಗ್‌ಜೋ ಎಂಬ ರಾಜ 1794ರಿಂದ 1796ರ ನಡುವೆ ಕಟ್ಟಿಸಿದ್ದು, 1997ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಈ ರಾಜ ಸ್ವತಃ ನುರಿತ ಬಿಲ್ಲುಗಾರ. ಐವತ್ತು ಬಾಣಗಳಲ್ಲಿ ನಲವತ್ತೊಂಬತ್ತನ್ನು ಗುರಿಗೆ ಹೊಡೆದು, ಕೊನೆಯದನ್ನು ಬೇಕೆಂದೇ ತಪ್ಪಿಸುತ್ತಿದ್ದನಂತೆ. ಕೋಟೆಯ ಯೊನ್‌ಮುದೇ ಎಂಬ ಹಳೆಯ ಕವಾಯತು ಜಾಗದಲ್ಲಿ ಪ್ರವಾಸಿಗರು ಅಗ್ಗದ ಟಿಕೆಟ್ ತೆಗೆದುಕೊಂಡು ಬಾಣ ಬಿಡಬಹುದು. ಮಳೆ ಬಂದರೆ ನಿಲ್ಲಿಸಿಬಿಡುತ್ತಾರೆ. ಬಿಲ್ಲು ಹಗುರ, ಗುರಿ ಹತ್ತಿರ. ಮೋಜಿಗೆ ಸರಿ, ಮಕ್ಕಳಿದ್ದರೆ ಇನ್ನೂ ಸರಿ. ಆದರೆ ಯಾವ ಬಿಲ್ಲು ಕೊಳ್ಳಬೇಕೆಂದು ಅಲ್ಲಿ ತೀರ್ಮಾನಿಸಲಾಗದು.

ನಿಜವಾದ ಆಟ ನೋಡಬೇಕೆಂದರೆ ಸಿಯೋಲ್‌ನ ಹ್ವಾಂಗ್‌ಹಾಕ್‌ಜಂಗ್ ಎಂಬ ಬಿಲ್ಲುಗಾರರ ಮೈದಾನಕ್ಕೆ ಹೋಗಿ. ಮೂರನೇ ಲೈನಿನ ಗ್ಯೊಂಗ್‌ಬೊಕ್‌ಗುಂಗ್ ಸ್ಟೇಷನ್‌ನಲ್ಲಿಳಿದು, ಸಾಜಿಕ್ ಪಾರ್ಕ್ ದಾಟಿ ಇನ್‌ವಾಂಗ್ ಬೆಟ್ಟದ ಕಡೆಗೆ ಏರು ಹತ್ತಬೇಕು. ದೊರೆ ಗೋಜೊಂಗ್ 1898ರಲ್ಲಿ ಅರಮನೆಯೊಳಗೆ ಕಟ್ಟಿಸಿದ್ದ ಈ ಮಂಟಪವನ್ನು ಜಪಾನಿಯರ ಆಳ್ವಿಕೆಯಲ್ಲಿ, 1922ರಲ್ಲಿ, ಇಲ್ಲಿಗೆ ತಂದಿಟ್ಟರು. ಪಕ್ಕದಲ್ಲೇ ಬಿಲ್ಲಿನ ಪುಟ್ಟ ಸಂಗ್ರಹಾಲಯವಿದೆ. ಹೊಸಬರಿಗೆ ಯಾವಾಗ ಕಲಿಸುತ್ತಾರೆಂದು ಮೊದಲೇ ವಿಚಾರಿಸಿಕೊಂಡು ಹೋಗಿ. ಕೊರಿಯನ್ ಬಲ್ಲವರು ಜೊತೆಗಿದ್ದರೆ ಅರ್ಧ ಕೆಲಸ ಮುಗಿದಂತೆ.

ಅಲ್ಲಿ ಗುರಿಯ ದೂರ 145 ಮೀಟರ್. ಒಲಿಂಪಿಕ್ಸ್‌ನಲ್ಲಿ 70 ಮೀಟರ್ ಎಂಬುದನ್ನು ನೆನಪಿಡಿ. ಗುರಿಯ ಹಲಗೆ ಆಳೆತ್ತರಕ್ಕಿಂತ ದೊಡ್ಡದು, ನಿಂತ ಜಾಗದಿಂದ ಮಾತ್ರ ಹೆಬ್ಬೆರಳಿನ ಉಗುರಿನಷ್ಟು ಕಾಣುತ್ತದೆ. ಸರದಿಗೆ ಐದು ಬಾಣ. ಐದೂ ತಗುಲಿದರೆ ಅದು ‘ಮೊಲ್ಗಿ’. ಮೊದಲ ಸಲ ಹಾಗಾದವರಿಗೆ ‘ಜಪ್‌ಜಾಂಗ್’ ಎಂಬ ಗೌರವದ ಹೆಸರು ಸಿಗುತ್ತದೆ. ಒಬ್ಬ ಅಜ್ಜಿ ಒಂದರ ಮೇಲೊಂದು ಬಾಣ ನೆಡುತ್ತಿದ್ದುದನ್ನು ನೋಡಿ ಗೆಳೆಯ ಪಿಸುಗುಟ್ಟಿದ, "ನಾವು ವಾಪಸ್ ಹೋಗೋಣ ಮಾರಾಯ."

ಇನ್ನು ಬಿಲ್ಲಿನ ವಿಷಯ. ಎರಡು ಬಗೆ ಇವೆ. ಗಾಕ್‌ಗುಂಗ್ ಎಂಬುದು ಅಸಲಿ ಕೊಂಬಿನ ಬಿಲ್ಲು. ಎಮ್ಮೆಕೋಡು, ಬಿದಿರು, ಹಿಪ್ಪುನೇರಳೆ ಮರ, ಪ್ರಾಣಿಯ ಸ್ನಾಯು ಇವನ್ನೆಲ್ಲ ಮೀನಿನ ಗಾಳಿಚೀಲದಿಂದ ಮಾಡಿದ ಅಂಟಿನಲ್ಲಿ ಕೂಡಿಸುತ್ತಾರೆ. ಹೆದೆ ಬಿಚ್ಚಿದರೆ ಹಿಂದುಮುಂದಾಗಿ ಸುರುಳಿ ಸುತ್ತಿಕೊಳ್ಳುತ್ತದೆ. ನೋಡಲು ಎರಡು ಕಣ್ಣು ಸಾಲದು. ಆದರೆ ಆ ಅಂಟಿಗೆ ತೇವ ಆಗಿಬರುವುದಿಲ್ಲ. ಬೇಸಿಗೆಯ ಮಳೆಯಲ್ಲಿ ಅಲ್ಲಿನವರೇ ಅದನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡುತ್ತಾರೆ. ಜುಲೈ ಬೇಡ ಎಂದದ್ದು ಇದಕ್ಕೇ: ಆಗ ಕೊಂಬಿನ ಬಿಲ್ಲಿನ ನಿಜವಾದ ಬಿಗಿ ನಿಮಗೆ ತಿಳಿಯುವುದಿಲ್ಲ. ಬೆಂಗಳೂರಲ್ಲಿ ಹೇಗೋ, ಮಂಗಳೂರು, ತೀರ್ಥಹಳ್ಳಿಯವರಂತೂ ಅದರ ಆಸೆ ಬಿಡಿ. ಹೆದೆ ಏರಿಸುವುದೂ ಗುರುವಿನ ಪಕ್ಕ ಕೂತು ಕಲಿಯಬೇಕಾದ ವಿದ್ಯೆ. ನಮಗೆ ಸರಿಹೊಂದುವುದು ಎರಡನೆಯದು, ಗೇರ್ಯಾಂಗ್‌ಗುಂಗ್. ಆಕಾರ ಅದೇ, ಒಳಗೆ ಫೈಬರ್‌ಗ್ಲಾಸ್, ಕಾರ್ಬನ್. ಬೆಲೆಯೂ ಎಷ್ಟೋ ಕಡಿಮೆ. ಅಲ್ಲಿನ ಕ್ಲಬ್ಬುಗಳಲ್ಲಿ ಕಲಿಯುವವರು ಶುರುಮಾಡುವುದೂ ಇದರಲ್ಲೇ.

ಅಂಗಡಿಯಲ್ಲಿ ಮಾತ್ರ ಧಾರಾಳವಾಗಿ ಎಳೆದು ನೋಡಬಹುದು. ಎಳೆದ ಹೆದೆಯನ್ನು ಕೈಬಿಡದೆ ನಿಧಾನವಾಗಿ ಮೊದಲಿನ ಜಾಗಕ್ಕೆ ತನ್ನಿ. ಬಾಣವಿಲ್ಲದೆ ಹೆದೆ ಬಿಟ್ಟರೆ ಬಿಲ್ಲು ಬಿರಿಯಬಹುದು, ಅಂಗಡಿಯವನ ಮುಖ ಕೆಡುವುದಂತೂ ಖಾತ್ರಿ. ಇಲ್ಲಿ ಬೆರಳುಗಳಿಂದಲ್ಲ, ಕಾಕ್ಜಿ ಎಂಬ ಉಂಗುರ ತೊಟ್ಟ ಹೆಬ್ಬೆರಳಿನಿಂದ ಎಳೆಯುವುದು. ಬಲಗೈಯವರಿಗೆ ಬಾಣ ಬಿಲ್ಲಿನ ಬಲಬದಿಯಲ್ಲಿ ಕೂರುತ್ತದೆ. ರಿಕರ್ವ್, ಅಂದರೆ ಒಲಿಂಪಿಕ್ಸ್‌ನಲ್ಲಿ ಬಳಸುವ ಬಿಲ್ಲಿನ ಅಭ್ಯಾಸವಿರುವವರಿಗೆ ಎಲ್ಲ ಉಲ್ಟಾ. ಜೊತೆಗೆ ಎಳೆತ ಗಲ್ಲದ ಬಳಿ ನಿಲ್ಲದೆ ಕಿವಿಯನ್ನೂ ದಾಟುತ್ತದೆ. ಬಾಣ, ಬಿಲ್ಲು ಎರಡರ ಉದ್ದವನ್ನೂ ತೋಳಿನ ಅಳತೆ ನೋಡಿ ಆರಿಸಬೇಕು. ರಿಕರ್ವ್‌ನಲ್ಲಿ ನೀವು ಎಳೆಯುವ ಪೌಂಡ್ ಲೆಕ್ಕ ಹೇಳಿ ಇಲ್ಲಿ ಬಿಲ್ಲು ಕೇಳಬೇಡಿ. ಎಳೆತ ಉದ್ದವಾದಷ್ಟೂ ಕೈಗೆ ಬರುವ ಭಾರ ಏರುತ್ತದೆ.

ಇಲ್ಲಿಯೇ ಗೆಳೆಯ ಜೊತೆಗಿದ್ದದ್ದು ಉಪಯೋಗಕ್ಕೆ ಬಂತು. ಎಳೆದು ಹಿಡಿದಾಗ ಭುಜ ಕಿವಿಯತ್ತ ಏರುತ್ತಿದೆಯೇ, ಎಡಗೈ ನಡುಗುತ್ತಿದೆಯೇ ಎಂಬುದು ನಮಗೇ ತಿಳಿಯುವುದಿಲ್ಲ. "ಇದು ಬೇಡ ಕಣೋ, ನೀನು ಉಸಿರೇ ಬಿಡ್ತಿಲ್ಲ" ಎಂದು ಅವನು ಎರಡು ಬಿಲ್ಲು ಕೆಳಗಿಡಿಸಿದ. ಅವನ ತೋಳು ಉದ್ದ, ಹಾಗಾಗಿ ಅವನಿಗೆ ಒಪ್ಪಿದ್ದು ನನಗೆ ದೊಗಲೆ. ಒಂದೇ ಬಿಲ್ಲನ್ನು ಸ್ವಲ್ಪ ಹೊತ್ತು ಬಿಟ್ಟು, ಕೈ ದಣಿದಮೇಲೆ ಮತ್ತೆ ಎಳೆಯಿರಿ. ಆಗಲೂ ಹಿಡಿದು ನಿಲ್ಲಲಾದರೆ ತೆಗೆದುಕೊಳ್ಳಿ. ಎರಡರ ನಡುವೆ ಗೊಂದಲವಾದರೆ ಹಗುರದ್ದೇ ಇರಲಿ. ಉಂಗುರವನ್ನು ಮಾತ್ರ ನೀವೇ ತೊಟ್ಟು ನೋಡದೆ ಕೊಳ್ಳಬೇಡಿ, ಚಳಿಯಲ್ಲಿ ಬೆರಳು ಸಣ್ಣಗಾಗಿ ಅಳತೆ ಮೋಸ ಮಾಡುತ್ತದೆ.

ವಿಮಾನದಲ್ಲಿ ಬಿಲ್ಲು, ಬಾಣ ಎರಡನ್ನೂ ಲಗೇಜಿಗೇ ಹಾಕಬೇಕು, ಕ್ಯಾಬಿನ್‌ಗೆ ಬಿಡುವುದಿಲ್ಲ. ಹೆದೆ ಬಿಚ್ಚಿ, ಗಟ್ಟಿ ರಟ್ಟಿನ ಪೆಟ್ಟಿಗೆ ಅಂಗಡಿಯಲ್ಲೇ ಕೇಳಿ ಪಡೆಯಿರಿ. ಪೆಟ್ಟಿಗೆ ಉದ್ದವಿರುವುದರಿಂದ ವಿಮಾನ ಕಂಪನಿಯ ಅಳತೆಯ ಮಿತಿಯನ್ನು ಟಿಕೆಟ್ ಮಾಡುವಾಗಲೇ ನೋಡಿಕೊಳ್ಳಿ. ಬಿಲ್ಲು ಕೊಂಡ ರಸೀದಿ ಕೈಚೀಲದಲ್ಲಿರಲಿ, ಕಸ್ಟಮ್ಸ್‌ನವರು ಕೇಳಿದರೆ ತೋರಿಸಬಹುದು.