ಸಂಜೆ ತರಗತಿಯಲ್ಲಿ ಕಲಿತ ಲೆಕ್ಕಪತ್ರ

ಕ್ಯಾಲಿಫೋರ್ನಿಯಾದ ಸಣ್ಣ ಪಟ್ಟಣವೊಂದರ ಇತಿಹಾಸ ಮ್ಯೂಸಿಯಂನಲ್ಲಿ ನಾನು ಉಪನಿರ್ದೇಶಕಿ. ಮೈಸೂರಿನಲ್ಲಿ ಬಿ.ಎ. ಎರಡನೆಯ ವರ್ಷಕ್ಕೇ ಓದು ನಿಲ್ಲಿಸಿ, ಮದುವೆಯಾಗಿ, ಗಂಡನ ಉದ್ಯೋಗ ವೀಸಾವನ್ನು ಅವಲಂಬಿಸಿದ ಎಚ್-4 ವೀಸಾದಲ್ಲಿ ಇಲ್ಲಿಗೆ ಬಂದಾಗ ನನಗೆ ದುಡಿಯುವ ಅನುಮತಿ ಇರಲಿಲ್ಲ. ಓದುವ ಅನುಮತಿ ಇತ್ತು. ಮನೆಯಿಂದ ಎರಡು ಮೈಲಿ ದೂರದ ಕಮ್ಯುನಿಟಿ ಕಾಲೇಜಿಗೆ ಸೇರಿದೆ.

ಅಂಕಗಳ ಪೈಪೋಟಿಯಿಲ್ಲದೆ ಪ್ರವೇಶ ಕೊಡುವ, ಎರಡು ವರ್ಷಗಳ ಅಸೋಸಿಯೇಟ್ ಪದವಿಯ ಸಾರ್ವಜನಿಕ ಕಾಲೇಜುಗಳಿವು. ಇಲ್ಲಿ ಗಳಿಸಿದ ಕ್ರೆಡಿಟ್‌ಗಳೊಂದಿಗೆ ವಿಶ್ವವಿದ್ಯಾಲಯದ ಮೂರನೆಯ ವರ್ಷಕ್ಕೆ ಸೇರಿಕೊಳ್ಳಬಹುದು. ಇವುಗಳಲ್ಲಿ ಅತ್ಯಂತ ಹಳೆಯದು ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲಿ ಆರಂಭವಾಯಿತು. ಕ್ಯಾಲಿಫೋರ್ನಿಯಾ ಒಂದರಲ್ಲೇ ಈಗ 116 ಇವೆ. ಕ್ಯುಪರ್ಟಿನೋದ ಡಿ ಆಂಜಾ ಕಾಲೇಜಿನಲ್ಲಿ ಯೂಫ್ರಾಟ್ ಕಲಾ ಮ್ಯೂಸಿಯಂ ಇರುವಂತೆ, ನನ್ನ ಕಾಲೇಜಿನ ಆವರಣದಲ್ಲೂ ಒಂದು ಪುಟ್ಟ ಗ್ಯಾಲರಿ ಇತ್ತು.

ಮ್ಯೂಸಿಯಂನ ಕೈಕೆಲಸವನ್ನು ಕಲಿತದ್ದು ಆ ಗ್ಯಾಲರಿಯಲ್ಲಿ. ಉಗ್ರಾಣದೊಳಗೆ ಪೆನ್ನು ಒಯ್ಯಬಾರದು, ಪೆನ್ಸಿಲ್ ಮಾತ್ರ, ಹಳೆಯ ಬಟ್ಟೆಯ ಮೇಲೆ 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೆಳಕಿನ ಅಳತೆ) ಹೆಚ್ಚು ಬೆಳಕು ಬೀಳಬಾರದು, 2009.14.3 ಎಂಬ ಸಂಖ್ಯೆಯಿದ್ದರೆ ಅದು 2009ರಲ್ಲಿ ಸೇರ್ಪಡೆಯಾದ ಹದಿನಾಲ್ಕನೆಯ ಕೊಡುಗೆಯ ಮೂರನೆಯ ವಸ್ತು ಎಂದು ಓದಿಕೊಳ್ಳಬೇಕು. ರೇಷ್ಮೆಯ ಮಡಿಕೆ ಒಂದೇ ಗೆರೆಯಲ್ಲಿ ಕೂರದಂತೆ ಆಗಾಗ ಬದಲಿಸಬೇಕೆಂದು ಅಲ್ಲಿ ಹೇಳಿಕೊಟ್ಟಾಗ, ಪ್ರತಿವರ್ಷ ಪೆಟ್ಟಿಗೆಯಿಂದ ಸೀರೆಗಳನ್ನು ತೆಗೆದು ಮಡಿಕೆ ಮುರಿದು ಮತ್ತೆ ಮಡಿಸುತ್ತಿದ್ದ ನಮ್ಮಜ್ಜಿಯ ಕೈ ನೆನಪಾಗಿ ಕಣ್ಣು ತುಂಬಿತು.

ಆದರೆ ನನ್ನನ್ನು ಆಡಳಿತದ ಕಡೆಗೆ ಒಯ್ದದ್ದು, ಕ್ರೆಡಿಟ್ ಭರ್ತಿಗೆಂದು ಒಲ್ಲದ ಮನಸ್ಸಿನಿಂದ ಆರಿಸಿಕೊಂಡ ಲೆಕ್ಕಪತ್ರದ ಸಂಜೆ ತರಗತಿ. ಹಗಲು ಆಸ್ಪತ್ರೆಯಲ್ಲಿ, ಗ್ಯಾರೇಜಿನಲ್ಲಿ, ಹೋಟೆಲಿನಲ್ಲಿ ದುಡಿದು ಬಂದವರ ನಡುವೆ ಕುಳಿತು, ಲಾಭರಹಿತ ಸಂಸ್ಥೆಯೊಂದರ ಹಣದಲ್ಲಿ ಇಂಥದ್ದಕ್ಕೇ ಬಳಸಬೇಕೆಂಬ ದಾನಿಯ ನಿರ್ಬಂಧವಿರುವುದು ಯಾವುದು, ಇಲ್ಲದಿರುವುದು ಯಾವುದು ಎಂದು ಬೇರ್ಪಡಿಸುವುದನ್ನು ಕಲಿತೆ. ಮುಂದೆ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿದೆ, ಕೆಲಸದ ಅನುಮತಿ ಬಂತು, ಸಂಗ್ರಹದ ವಸ್ತುಗಳ ದಾಖಲೆ ನೋಡಿಕೊಳ್ಳುವ ರಿಜಿಸ್ಟ್ರಾರ್ ಆಗಿ ಈ ಮ್ಯೂಸಿಯಂ ಸೇರಿದೆ.

ಐದನೆಯ ವರ್ಷದ ಮಳೆಗಾಲದಲ್ಲಿ ಚಾವಣಿ ಸೋರತೊಡಗಿತು. ದುರಸ್ತಿಗೆ ಹಣ ಸಾಲದೆ, ಸಂಗ್ರಹದಲ್ಲಿದ್ದ ಬೆಲೆಬಾಳುವ ಬೆಳ್ಳಿಯ ಪಾತ್ರೆಗಳನ್ನು ಮಾರಿಬಿಡೋಣ ಎಂಬ ಸಲಹೆ ಆಡಳಿತ ಮಂಡಳಿಯ ಸಭೆಯಲ್ಲಿ ಬಂತು. ಸಲಹೆ ಕೊಟ್ಟವರದು ಕೆಟ್ಟ ಉದ್ದೇಶವಲ್ಲ. ಕಟ್ಟಡವೇ ಉಳಿಯದಿದ್ದರೆ ಬೆಳ್ಳಿಯನ್ನು ಇಟ್ಟುಕೊಂಡು ಮಾಡುವುದೇನು ಎಂಬುದು ಅವರ ನಿಜವಾದ ಆತಂಕವಾಗಿತ್ತು. ಸಂಗ್ರಹದ ವಸ್ತುವನ್ನು ಮಾರಿದರೆ ಬರುವ ಹಣವನ್ನು ಹೊಸ ವಸ್ತುಗಳನ್ನು ಪಡೆಯಲು ಅಥವಾ ಸಂಗ್ರಹದ ನೇರ ಆರೈಕೆಗೆ ಮಾತ್ರ ಬಳಸಬೇಕೆಂದು, 1906ರಲ್ಲಿ ಸ್ಥಾಪನೆಯಾದ ಮ್ಯೂಸಿಯಂಗಳ ಸಂಘಟನೆ ಅಮೆರಿಕನ್ ಅಲಯನ್ಸ್ ಆಫ್ ಮ್ಯೂಸಿಯಮ್ಸ್‌ನ ನೀತಿಸಂಹಿತೆ ಹೇಳುತ್ತದೆ ಎಂದು ನಾನು ಎದ್ದು ಹೇಳಿದೆ. ಅಷ್ಟನ್ನೇ ಹೇಳಿ ಕುಳಿತಿದ್ದರೆ ಅದು ಬರಿಯ ಅಡ್ಡಿಯಾಗುತ್ತಿತ್ತು. ರಾತ್ರಿ ಕುಳಿತು ಸಿದ್ಧಪಡಿಸಿದ್ದ ಹಾಳೆಯನ್ನು ಹಂಚಿದೆ: ನಿರ್ಬಂಧವಿಲ್ಲದ ನಿಧಿಯಲ್ಲಿ ಎಷ್ಟಿದೆ, ಕಟ್ಟಡಕ್ಕೆಂದೇ ಬಂದ ಹಳೆಯ ದತ್ತಿಯಲ್ಲಿ ಬಳಕೆಯಾಗದೆ ಉಳಿದದ್ದು ಎಷ್ಟು, ಊರಿನವರಿಂದ ಕೂಡಿಸಬೇಕಾದದ್ದು ಎಷ್ಟು. ಆ ಹಳೆಯ ದತ್ತಿಯನ್ನು ಎಲ್ಲರೂ ಮರೆತಿದ್ದರು. ಬೆಳ್ಳಿ ಉಳಿಯಿತು, ಚಾವಣಿ ಹದಿನಾಲ್ಕು ತಿಂಗಳಲ್ಲಿ ಸಿದ್ಧವಾಯಿತು.

ಉಪನಿರ್ದೇಶಕಿಯಾದ ಮೇಲೆ ನಾನು ಮಾಡಿದ ಮೊದಲ ಕೆಲಸವೆಂದರೆ ರಿಜಿಸ್ಟ್ರಾರ್ ಹುದ್ದೆಯ ಜಾಹೀರಾತಿನಿಂದ ‘ಸ್ನಾತಕೋತ್ತರ ಪದವಿ ಕಡ್ಡಾಯ’ ಎಂಬ ಸಾಲನ್ನು ತೆಗೆಸಿದ್ದು. ಮಂಡಳಿಯಲ್ಲಿ ಇಬ್ಬರು ಒಪ್ಪಲಿಲ್ಲ. ಹಾಗಾಗಿ ಅರ್ಜಿದಾರರಿಗೆಲ್ಲ ಒಂದು ಪ್ರಾಯೋಗಿಕ ಪರೀಕ್ಷೆ ಇಟ್ಟೆವು, ಒಡೆದ ಮಣ್ಣಿನ ಹೂಜಿಯೊಂದರ ಸ್ಥಿತಿ ವರದಿ ಬರೆಯುವುದು. ಎಲ್ಲರಿಗಿಂತ ಸ್ಪಷ್ಟವಾಗಿ ಬರೆದವಳು ಹಗಲು ದಿನಸಿ ಅಂಗಡಿಯಲ್ಲಿ ದುಡಿಯುತ್ತ, ನಾನು ಓದಿದ ಕಾಲೇಜಿನ ಗ್ಯಾಲರಿಯಲ್ಲೇ ಸಂಜೆ ಕಲಿತವಳು. ಅವಳು ಕೆಲಸಕ್ಕೆ ಸೇರಿದ ವಾರವೇ, ಲೆಕ್ಕಪತ್ರದ ತರಗತಿಗೂ ಹೆಸರು ಕೊಡು ಎಂದೆ. ಶುಲ್ಕವನ್ನು ಮ್ಯೂಸಿಯಂ ಕಟ್ಟುತ್ತಿದೆ.